ಅಂಬಾಸಿಡರ್, ಪದ್ಮಿನಿ ಕಾರಿನ ಬಾಡಿ ಮತ್ತು ಪೇಂಟ್ ಕೆಲಸ: ಮನೆಯಲ್ಲೇ ಮಾಡುವವರಿಗೆ

"ಅಪ್ಪನ ಅಂಬಾಸಿಡರ್ ಶೆಡ್ಡಿನಲ್ಲಿ ನಿಂತಿದೆ. ಇಂಜಿನ್ ಸ್ಟಾರ್ಟ್ ಆಗುತ್ತೆ, ಬಾಡಿ ಮಾತ್ರ ತುಕ್ಕು ಹಿಡಿದಿದೆ. ನಾನೇ ಪೇಂಟ್ ಮಾಡಬಹುದಾ?" ಓದುಗರಿಂದ ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಕೆಲವರದು ಪದ್ಮಿನಿ, ಕೆಲವರದು ಅದಕ್ಕೂ ಹಳೆಯ ಫಿಯೆಟ್ 1100. ಮಾಡಬಹುದು, ಚೆನ್ನಾಗಿಯೇ ಮಾಡಬಹುದು. ಆದರೆ ಎಲ್ಲರೂ ಕೇಳುವುದು ಬಣ್ಣದ ಬಗ್ಗೆ. ಹೊಸ ಪೇಂಟ್ ಹೊಡೆಸಿದ ಹಳೇ ಕಾರು ಎರಡೇ ಮಳೆಗಾಲಕ್ಕೆ ಗುಳ್ಳೆ ಎದ್ದು ಕೂತರೆ, ಸಾಮಾನ್ಯವಾಗಿ ಕಾರಣ ಅದರ ಕೆಳಗೆ ಉಳಿಸಿದ ತುಕ್ಕು ಮತ್ತು ತೇವ. ಅದಕ್ಕೇ ಈ ಬರಹದಲ್ಲಿ ಸ್ಪ್ರೇ ಗನ್ ಕೈಗೆ ಬರುವುದು ತುಂಬಾ ತಡವಾಗಿ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಅಂಬಾಸಿಡರ್, ಇಟಲಿಯ ಫಿಯೆಟ್ 1100ರಿಂದ ಬಂದ ಪದ್ಮಿನಿ, ಎರಡೂ ಮಾನೊಕಾಕ್ ಬಾಡಿಯ ಕಾರುಗಳು. ಅಂದರೆ ಲಾರಿಗೆ ಇರುವ ಹಾಗೆ ಬೇರೆ ಚಾಸಿ ಇಲ್ಲ, ತಗಡಿನ ಬಾಡಿಯೇ ಭಾರ ಹೊರುತ್ತದೆ. ಬಾಗಿಲಿನ ಕೆಳಗಿನ ಪಟ್ಟಿ, ನಮ್ಮ ಗ್ಯಾರೇಜುಗಳಲ್ಲಿ ರನ್ನಿಂಗ್ ಬೋರ್ಡ್ ಅನ್ನುವುದು, ಕೊಳೆತರೆ ಕಾರಿನ ಬೆನ್ನೆಲುಬೇ ಕೊಳೆತ ಹಾಗೆ. ಅಲ್ಲಿ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಅಂದಗೆಡುವ ಪ್ರಶ್ನೆಯಲ್ಲ, ಕಾರಿನಲ್ಲಿ ಕೂತವರ ಜೀವದ ಪ್ರಶ್ನೆ.

ಬೇಕಾದ ಸಾಮಾನು ಮತ್ತು ಜಾಗ

ಮೇಲೆ ಸೂರು ಇರುವ, ಗಾಳಿ ಆಡುವ, ಕಾರಿನ ನಾಲ್ಕೂ ಬದಿಗೆ ಮೂರಡಿ ಓಡಾಡಲು ಜಾಗ ಇರುವ ಶೆಡ್ ಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಈ ಕೆಲಸಕ್ಕೆ ಆಗದು. ಥಿನ್ನರ್ ಆವಿ ಗಾಳಿಗಿಂತ ಭಾರ, ಕೆಳಗೇ ಹರಡಿ ನಿಲ್ಲುತ್ತದೆ, ಒಂದು ಸ್ವಿಚ್ಚಿನ ಕಿಡಿ ಸಾಕು.

50 ಲೀಟರ್ ಟ್ಯಾಂಕಿನ, 2 ಎಚ್‌ಪಿಯ ಕಂಪ್ರೆಸರ್ ಇದ್ದರೆ ಒಂದೊಂದೇ ಪ್ಯಾನಲ್ ಹೊಡೆಯಬಹುದು. ಅದಕ್ಕಿಂತ ಚಿಕ್ಕದಾದರೆ ಅರ್ಧ ಬಾನೆಟ್ ಹೊಡೆಯುವಷ್ಟರಲ್ಲಿ ಗಾಳಿ ಇಳಿದು ಬಣ್ಣ ಹನಿಹನಿಯಾಗಿ ಬೀಳುತ್ತದೆ. ಗಾಳಿಯಲ್ಲಿನ ನೀರು ಹಿಡಿಯುವ ಮಾಯಿಶ್ಚರ್ ಟ್ರ್ಯಾಪ್ ಕಡ್ಡಾಯ. ಮೇಲೆ ಕಪ್ ಇರುವ ಗ್ರಾವಿಟಿ ಗನ್ ಎರಡು ಇರಲಿ: ಪ್ರೈಮರ್‌ಗೆ 1.7 ಮಿ.ಮೀ. ನಾಜಲ್, ಬಣ್ಣಕ್ಕೆ 1.3 ಅಥವಾ 1.4. ತಗಡಿನ ಕೆಲಸಕ್ಕೆ ಬಾಡಿ ಹ್ಯಾಮರ್, ಎರಡು ಮೂರು ಆಕಾರದ ಡಾಲಿ (ತಗಡಿನ ಹಿಂದೆ ಒತ್ತಿ ಹಿಡಿಯುವ ಉಕ್ಕಿನ ಗಟ್ಟಿ), 80ರಿಂದ (ಒರಟು) 2000 (ನುಣುಪು) ನಂಬರಿನವರೆಗೆ ಉಜ್ಜುವ ಪೇಪರ್, ಉದ್ದ ಮತ್ತು ಚಿಕ್ಕ ಸ್ಯಾಂಡಿಂಗ್ ಬ್ಲಾಕ್.

ಮಾಸ್ಕ್ ವಿಷಯದಲ್ಲಿ ಕಂಜೂಸು ಬೇಡ. ಬಟ್ಟೆ ಮಾಸ್ಕ್, ಎನ್95 ಧೂಳಿಗೆ ಮಾತ್ರ. ಥಿನ್ನರ್ ಆವಿಯನ್ನು ಅವು ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ರಬ್ಬರ್ ಮಾಸ್ಕ್ ಕೊಳ್ಳಿ. ಮಾಸ್ಕ್ ಹಾಕಿದ್ದೂ ವಾಸನೆ ಬಂದರೆ ಕಾರ್ಟ್ರಿಡ್ಜ್ ಬದಲಿಸಿ.

ಕಾಲ: ನವೆಂಬರ್‌ನಿಂದ ಮಾರ್ಚ್. ಮಳೆಗಾಲದಲ್ಲಿ ಬಿಚ್ಚುವುದು, ತಗಡು ತಟ್ಟುವುದು ಮಾಡಬಹುದು, ಬಣ್ಣ ಬೇಡ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಚಳಿಗಾಲದಲ್ಲೂ ಬಿಸಿಲೇರಿ ತೇವ ಇಳಿದ ಮೇಲೆಯೇ ಗನ್ ಹಿಡಿಯಿರಿ.

ಹಂತ 1: ಕಾಗದ, ಫೋಟೊ, ಬಿಚ್ಚುವುದು

ಮೊದಲು ಆರ್‌ಸಿ ತೆಗೆದು ಅದರಲ್ಲಿ ಬರೆದಿರುವ ಬಣ್ಣ ನೋಡಿ. ಅದೇ ಬಣ್ಣ ಹೊಡೆಯುವುದಾದರೆ ತೊಂದರೆ ಇಲ್ಲ. ಬೇರೆ ಬಣ್ಣ ಬೇಕೆಂದರೆ ಆರ್‌ಟಿಒ ಕಚೇರಿಯ ಅನುಮತಿ ಪಡೆದು ಆರ್‌ಸಿಯಲ್ಲಿ ತಿದ್ದಿಸಬೇಕು, ವಿಮೆಯವರಿಗೂ ತಿಳಿಸಬೇಕು. ಕಾರಿಗೆ 50 ವರ್ಷ ದಾಟಿದ್ದರೆ 2021ರಲ್ಲಿ ಬಂದ ಕೇಂದ್ರದ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಚಾಸಿ, ಬಾಡಿ ಶೆಲ್, ಇಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬ ಷರತ್ತಿದೆ. ಆ ಯೋಚನೆ ಇದ್ದವರು ಹಿಂದಿನ ಮಡ್‌ಗಾರ್ಡ್ ಅಗಲ ಮಾಡುವುದು, ಸನ್‌ರೂಫ್ ಕೊರೆಯುವುದು ಇತ್ಯಾದಿಗೆ ಹೋಗಬೇಡಿ.

ಚಾಸಿ ನಂಬರ್ ಕೆತ್ತಿರುವ ಜಾಗ ಮತ್ತು ಆ ನಂಬರ್ ಇರುವ ಚಿಕ್ಕ ತಗಡು ಪಟ್ಟಿಯನ್ನು ಪತ್ತೆ ಹಚ್ಚಿ, ಫೋಟೊ ತೆಗೆದು, ಮೇಲೆ ಟೇಪ್ ಅಂಟಿಸಿ. ಅದರ ಮೇಲೆ ಗ್ರೈಂಡರ್ ಆಡಿತೋ, ಆಮೇಲೆ ಇದು ನಿಮ್ಮದೇ ಕಾರು ಎಂದು ಸಾಬೀತು ಮಾಡಲು ಕಚೇರಿ ಅಲೆಯಬೇಕಾಗುತ್ತದೆ.

ಬಂಪರ್, ದೀಪ, ಹಿಡಿಕೆ, ಕ್ರೋಮ್ ಪಟ್ಟಿ, ಗಾಜಿನ ರಬ್ಬರ್, ಒಳಗಿನ ಮ್ಯಾಟು ಎಲ್ಲ ಬಿಚ್ಚಿ. ಪ್ರತಿ ಭಾಗದ ಸ್ಕ್ರೂಗಳು ಬೇರೆ ಬೇರೆ ಜಿಪ್ ಕವರಿಗೆ, ಮೇಲೆ ಹೆಸರು. ಟೇಪ್ ಸುತ್ತಿ ಪೇಂಟ್ ಮಾಡಿದರಾಯಿತು ಎಂದು ರಬ್ಬರ್ ಬಿಡಬೇಡಿ. ವಿಂಡ್‌ಸ್ಕ್ರೀನ್ ರಬ್ಬರಿನ ಅಡಿಯಲ್ಲೇ ತುಕ್ಕು ಬೀಡು ಬಿಟ್ಟಿರುತ್ತದೆ.

ಬಾಗಿಲು ಕಳಚುವ ಮುಂಚೆ ಬಾಗಿಲು, ಬಾನೆಟ್, ಡಿಕ್ಕಿಯ ಸುತ್ತ ಇರುವ ಸಂದನ್ನು ನಾಲ್ಕಾರು ಕಡೆ ಅಳೆದು ಬರೆದಿಡಿ. ಬಾಗಿಲಿನ ಮೇಲ್ಭಾಗದಲ್ಲಿ ಸಂದು ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬಾಡಿ ಜೋತು ಬಿದ್ದಿರಬಹುದು, ಹಿಂಜ್ ಪಿನ್ ಸವೆದಿರಬಹುದು. ಯಾವುದೆಂದು ಈಗಲೇ ಪತ್ತೆ ಮಾಡಿ. ಸರಿಯಾದ ಸಂದು ಹೇಗಿರುತ್ತದೆ ಎಂಬ ಅಂದಾಜಿಲ್ಲದವರು ಧರ್ಮಸ್ಥಳದ ಕಾರ್ ಮ್ಯೂಸಿಯಂನಲ್ಲಿ ಒಂದು ಮಧ್ಯಾಹ್ನ ಕಳೆದು ಬನ್ನಿ, ಹಳೇ ಕಾರುಗಳ ಬಾಗಿಲಂಚನ್ನೇ ನೋಡುತ್ತಾ ಹೋಗಿ.

ಹಂತ 2: ತುಕ್ಕು ಹುಡುಕುವುದು

ತೆಳ್ಳನೆ ಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತವನ್ನು ಬಾಡಿ ಮೇಲೆ ಆಡಿಸಿ. ಹಿಡಿತ ಸಡಿಲವಾದ ಕಡೆ ಹಿಂದಿನವರು ದಪ್ಪ ಪುಟ್ಟಿ ಹಾಕಿದ್ದಾರೆ. ಅಲ್ಲಿಗೆ ಚಾಕ್‌ಪೀಸಿನಲ್ಲಿ ಗುರುತು ಮಾಡಿ. ನಂತರ ಹಳೇ ಸ್ಕ್ರೂಡ್ರೈವರ್ ಹಿಡಿದು ಕಾರಿನಡಿ ಹೋಗಿ. (ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ, ಆಕ್ಸಲ್ ಸ್ಟ್ಯಾಂಡ್ ಕೊಟ್ಟೇ ಹೋಗಿ.) ರನ್ನಿಂಗ್ ಬೋರ್ಡ್, ಕಾಲಿಡುವ ಫ್ಲೋರ್, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಮಡ್‌ಗಾರ್ಡಿನ ಹಿಂಬದಿಯಲ್ಲಿ ಕೆಸರು ತುಂಬುವ ಮೂಲೆ, ಬಾಗಿಲಿನ ತಳ, ಡಿಕ್ಕಿಯ ನೆಲ, ಜ್ಯಾಕ್ ಕೊಡುವ ಜಾಗ: ಇಲ್ಲೆಲ್ಲ ಜೋರಾಗಿ ಚುಚ್ಚಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ಕೊಳೆತದ್ದು ಸದ್ದಿಲ್ಲದೆ ಒಳಗೆ ಹೋಗುತ್ತದೆ. ಬಿಸ್ಕತ್ ಪುಡಿಯಂಥ ಕಂದು ಪದರ ಉದುರಿದರೆ ಅಲ್ಲಿ ತಗಡು ಉಳಿದಿಲ್ಲ.

ಇಷ್ಟಾದ ಮೇಲೆ ನೀರು ಎಲ್ಲಿಂದ ಬಂತು ಎಂದು ಹುಡುಕಿ. ಬಾಗಿಲಿನ ತಳದಲ್ಲಿ ನೀರು ಬಸಿಯಲು ಚಿಕ್ಕ ತೂತುಗಳಿರುತ್ತವೆ. ಹಳೇ ಅಂಡರ್‌ಕೋಟ್ ಅಥವಾ ಮಣ್ಣು ಅವನ್ನು ಮುಚ್ಚಿದ್ದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಫ್ಲೋರ್ ಒದ್ದೆಯಾಗಿದ್ದರೆ ವಿಂಡ್‌ಸ್ಕ್ರೀನ್ ರಬ್ಬರ್ ಅಥವಾ ವೈಪರ್ ಬುಡ ಸೋರುತ್ತಿರಬಹುದು. ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ, ನೀವು ಟಾರ್ಚ್ ಹಿಡಿದು ಒಳಗೆ ಕೂತು ನೋಡಿ. ಈ ಸೋರಿಕೆ ನಿಲ್ಲದಿದ್ದರೆ ಮುಂದಿನ ಎಲ್ಲ ಕೆಲಸವೂ ದಂಡ.

ಹಂತ 3: ಹಳೇ ಪೇಂಟ್ ತೆಗೆಯುವುದು

ಇಡೀ ಕಾರನ್ನು ಒಂದೇ ಸಲ ಬೆತ್ತಲೆ ಮಾಡಬೇಡಿ. ಬರಿ ತಗಡಿಗೆ ನಮ್ಮ ಹವೆಯಲ್ಲಿ ಒಂದೇ ರಾತ್ರಿಯಲ್ಲಿ ಕೆಂಪು ಹತ್ತುತ್ತದೆ. ಒಂದು ಬಾಗಿಲು ತೆಗೆದುಕೊಳ್ಳಿ, ಪೇಂಟ್ ಕೀಳಿ, ತುಕ್ಕು ತೆಗೆಯಿರಿ, ಅದೇ ದಿನ ಎಪಾಕ್ಸಿ ಪ್ರೈಮರ್ (ತಗಡಿಗೆ ನೀರು ತಾಗದಂತೆ ತಡೆಯುವ ಅಡಿಪದರ) ಹಾಕಿ, ಆಮೇಲೆ ಮುಂದಿನದು.

ಪೇಂಟ್ ರಿಮೂವರ್ ಹಚ್ಚಿ, ಗುಳ್ಳೆ ಎದ್ದ ಮೇಲೆ ಪಟ್ಟಿಯಿಂದ ಕೆರೆಯುವುದು ಸುಲಭ. ಇದು ಚರ್ಮ ಸುಡುತ್ತದೆ, ಆವಿ ಅಪಾಯಕಾರಿ. ದಪ್ಪ ಗ್ಲೌಸ್, ಕನ್ನಡಕ, ಮಾಸ್ಕ್ ಹಾಕಿ ತೆರೆದ ಜಾಗದಲ್ಲೇ ಮಾಡಿ. ಮೂಲೆ, ಮಡಿಕೆಗಳಿಗೆ ರಿಮೂವರ್ ಇಳಿಸಬೇಡಿ. ಅಲ್ಲಿ ಉಳಿದದ್ದು ತಿಂಗಳ ನಂತರ ಹೊಸ ಪೇಂಟನ್ನೇ ಎಬ್ಬಿಸುತ್ತದೆ. ಹಳೇ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಉಂಟು, ಆದ್ದರಿಂದ ಒಣ ಧೂಳು ಎಬ್ಬಿಸದೆ ನೀರು ಹಾಕಿ ಉಜ್ಜಿ, ಮಕ್ಕಳನ್ನು ದೂರ ಇಡಿ.

ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಲೇ ಎಂದು ಕೇಳುವವರಿದ್ದಾರೆ. ಚಕ್ರ, ಸಸ್ಪೆನ್ಶನ್ ಭಾಗಗಳಿಗೆ ಮಾಡಿಸಿ. ಬಾನೆಟ್, ರೂಫ್, ಬಾಗಿಲಿನಂಥ ಅಗಲ ತಗಡಿಗೆ ಬೇಡವೇ ಬೇಡ. ಹೊಡೆತಕ್ಕೆ ತಗಡು ಹಿಗ್ಗಿ ಅಲೆಅಲೆಯಾಗುತ್ತದೆ, ಅದನ್ನು ಸರಿ ಮಾಡುವ ಟಿಂಕರ್ (ಕಾರಿನ ತಗಡಿನ ಕೆಲಸದವ) ಸಿಗುವುದು ಕಷ್ಟ.

ಮೇಲ್ಮೈ ತುಕ್ಕನ್ನು ವೈರ್ ಬ್ರಷ್, 80ರ ಪೇಪರಿನಿಂದ ತೆಗೆದು, ಗುಂಡಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಹಚ್ಚಿ. ಡಬ್ಬಿಯ ಮೇಲೆ ಹೇಳಿದಂತೆ ತೊಳೆದು, ಪೂರ್ತಿ ಒಣಗಿಸಿ. ಆಸಿಡ್ ಅಂಶ ಉಳಿದರೆ ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ.

ಹಂತ 4: ಕೊಳೆತ ತಗಡು ಬದಲಿಸುವುದು

ವೆಲ್ಡಿಂಗ್ ಬಾರದವರು ಈ ಹಂತಕ್ಕೆ ಅನುಭವಿ ಟಿಂಕರ್ ಒಬ್ಬರನ್ನು ಮನೆಗೆ ಕರೆಸಿ. ಅದರಲ್ಲಿ ಕಡಿಮೆಯೇನಿಲ್ಲ. ಆದರೆ ಏನು ಮಾಡಿಸಬೇಕು ಎಂಬುದು ನಿಮಗೆ ಗೊತ್ತಿರಬೇಕು.

ತೂತಿನ ಮೇಲೆ ತಗಡಿನ ತುಂಡು ಹೊದಿಸಿ ಸುತ್ತ ಬೆಸೆಯುವುದು ನಮ್ಮಲ್ಲಿ ರೂಢಿ. ಒಳಗಿನ ತುಕ್ಕು ಹಾಗೇ ಉಳಿದು, ಎರಡು ತಗಡಿನ ನಡುವೆ ನೀರು ನಿಂತು, ತೂತು ಇನ್ನೂ ದೊಡ್ಡದಾಗುತ್ತದೆ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ಅಳತೆಯ ಹೊಸ ತುಂಡನ್ನು ಅಂಚಿಗೆ ಅಂಚು ಕೂರಿಸಿ ಎಂದು ಹೇಳಿ. ಹೊರ ಪ್ಯಾನಲ್‌ಗೆ 20 ಗೇಜ್, ಫ್ಲೋರಿಗೆ 18 ಗೇಜ್ ತಗಡು ಸಾಕು. ಗ್ಯಾಸ್ ವೆಲ್ಡಿಂಗಿನ ಬಿಸಿಗೆ ಅಗಲ ತಗಡು ಸೊಟ್ಟಗಾಗುತ್ತದೆ; ಮಿಗ್ ವೆಲ್ಡಿಂಗ್ (ಗನ್ನಿನಿಂದ ತಂತಿ ಬರುವ ವಿದ್ಯುತ್ ವೆಲ್ಡಿಂಗ್) ಮೇಲು. ಅದರಲ್ಲೂ ಒಂದೇ ಗೆರೆಯಲ್ಲಿ ಎಳೆಯದೆ ಇಲ್ಲೊಂದು ಅಲ್ಲೊಂದು ಚುಕ್ಕಿ ಹಾಕುತ್ತಾ, ತಗಡು ತಣಿಯಲು ಬಿಡುತ್ತಾ ಸೇರಿಸಬೇಕು.

ರನ್ನಿಂಗ್ ಬೋರ್ಡ್ ಕತ್ತರಿಸುವಾಗ ಬಾಗಿಲ ಚೌಕಟ್ಟಿನ ಒಳಗೆ ಅಡ್ಡಡ್ಡ ಕಬ್ಬಿಣದ ಪೈಪು ಬೆಸೆದು ಬಿಗಿ ಮಾಡಿ. ಒಂದು ಬದಿ ಪೂರ್ತಿ ಮುಗಿಯದೆ ಇನ್ನೊಂದನ್ನು ಮುಟ್ಟಬೇಡಿ. ತುಂಡು ಕೂರಿಸಿದ ಮೇಲೆ, ಪೂರ್ತಿ ಬೆಸೆಯುವ ಮುಂಚೆ ಬಾಗಿಲು ಹಾಕಿ ನೋಡಿ, ನೀವು ಬರೆದಿಟ್ಟ ಸಂದಿನ ಅಳತೆಗೆ ಹೊಂದಬೇಕು.

ಬೆಂಕಿಯ ಎಚ್ಚರಿಕೆ: ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಶೆಡ್ಡಿನಿಂದ ಹೊರಗಿಡಿ. ಖಾಲಿ ಟ್ಯಾಂಕಿನಲ್ಲಿ ಆವಿ ಇರುತ್ತದೆ, ಅದೇ ಸಿಡಿಯುವುದು. ಫ್ಲೋರಿನ ಡಾಂಬರು ಪದರ ಕೂಡ ಹೊತ್ತಿಕೊಳ್ಳುತ್ತದೆ. ಬೆಸೆಯುವ ಜಾಗದ ಸುತ್ತ ಅದನ್ನು ಕೆರೆದು ತೆಗೆಯಿರಿ. ಕೆಲಸ ಮುಗಿದ ಮೇಲೂ ಒಂದು ಗಂಟೆ ಅಲ್ಲೇ ಇರಿ.

ಬಾಗಿಲೋ ಡಿಕ್ಕಿಯೋ ಉಳಿಸಲಾಗದಷ್ಟು ಹಾಳಾಗಿದ್ದರೆ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ. ರಬ್ಬರ್, ಬೀಡಿಂಗ್, ಕ್ಲಿಪ್ಪಿಗೆ ಜೆ.ಸಿ. ರಸ್ತೆ. ಅಂಬಾಸಿಡರ್ 2014ರವರೆಗೂ ತಯಾರಾದ ಕಾರಣ ಅದರ ಭಾಗಗಳು ಸಿಗುವ ಅವಕಾಶ ಹೆಚ್ಚು. ಆದರೂ ಅಳತೆ, ಫೋಟೊ ಇಲ್ಲದೆ ಹೋಗಬೇಡಿ.

ಹಂತ 5: ನೆಗ್ಗು ತಟ್ಟುವುದು

ನೆಗ್ಗಿನ ಹಿಂದೆ ಡಾಲಿ ಒತ್ತಿ ಹಿಡಿದು, ಎದುರಿನಿಂದ ನೆಗ್ಗಿನ ಸುತ್ತ ಉಬ್ಬಿದ ಅಂಚನ್ನು ಮೆಲ್ಲಗೆ ತಟ್ಟಿ. ಉಬ್ಬು ಇಳಿದಂತೆ ನಡುವಿನ ತಗ್ಗು ಏಳುತ್ತದೆ. ಸುತ್ತಿಗೆ ನೇರ ಡಾಲಿಯ ಮೇಲೇ ಬೀಳುವಂತೆ ಹೊಡೆಯುತ್ತಿದ್ದರೆ ನಡುವಿನ ತಗಡು ತೆಳುವಾಗಿ ಹಿಗ್ಗುತ್ತದೆ, ಕೊನೆಗೆ ಒತ್ತಿದರೆ ಟಪ್ ಎಂದು ಒಳಗೆ ಹೋಗಿ ಹೊರಗೆ ಬರುವ ಹಾಗಾಗುತ್ತದೆ. ಹಳೇ ಬಾಗಿಲಿನ ಮೇಲೆ ಒಂದು ದಿನ ಅಭ್ಯಾಸ ಮಾಡಿ. ಕಣ್ಣಿಗಿಂತ ಅಂಗೈ ನಂಬಿ: ತೆಳು ಬಟ್ಟೆ ಹಿಡಿದು ಉದ್ದಕ್ಕೆ ಸವರಿದರೆ ಕಣ್ಣಿಗೆ ಕಾಣದ ಏರುತಗ್ಗು ತಿಳಿಯುತ್ತದೆ.

ಹಂತ 6: ಪುಟ್ಟಿ

ಹೆಚ್ಚಿನವರ ಕೆಲಸ ಕೆಡುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ.

ಪಾಲಿಯೆಸ್ಟರ್ ಪುಟ್ಟಿ ಎಂದರೆ ಹಾರ್ಡನರ್ ಪೇಸ್ಟ್ ಬೆರೆಸಿ ಹಚ್ಚುವ, ಕಾಲು ಗಂಟೆಯಲ್ಲಿ ಗಟ್ಟಿಯಾಗುವ ಫಿಲ್ಲರ್. ಇದನ್ನು ಆಸಿಡ್ ಇರುವ ಎಚ್ (etch) ಪ್ರೈಮರ್ ಮೇಲೆ ಹಾಕಬಾರದು, ಕಿತ್ತು ಬರುತ್ತದೆ. 80ರಲ್ಲಿ ಉಜ್ಜಿದ ಎಪಾಕ್ಸಿ ಮೇಲೆ ಹಾಕಿ. ದಪ್ಪ 2–3 ಮಿ.ಮೀ. ಮೀರದಿರಲಿ, ಅಷ್ಟಕ್ಕೆ ತುಂಬದಿದ್ದರೆ ಮತ್ತೆ ಸುತ್ತಿಗೆ ಹಿಡಿಯಬೇಕು.

ಹಾರ್ಡನರ್ ತೂಕದಲ್ಲಿ ಸುಮಾರು ನೂರಕ್ಕೆ ಎರಡು ಭಾಗ. ಬೇಗ ಗಟ್ಟಿಯಾಗಲಿ ಎಂದು ಹೆಚ್ಚು ಹಾಕಿದರೆ ಅದರಲ್ಲಿನ ಪೆರಾಕ್ಸೈಡ್ ಮೇಲಕ್ಕೆ ಬಂದು, ತಿಳಿ ಬಣ್ಣದ ಕಾರಿನಲ್ಲಿ ಹಳದಿ ಕಲೆಯಾಗುತ್ತದೆ. ಗಾಜು ಅಥವಾ ಟೈಲ್ಸ್ ಮೇಲೆ, ಬಣ್ಣ ಒಂದೇ ಸಮ ಆಗುವವರೆಗೆ ಒತ್ತಿ ಒತ್ತಿ ಕಲಸಿ. ರಟ್ಟಿನ ಮೇಲೆ ಬೇಡ, ಅದು ಪುಟ್ಟಿಯ ರಾಳ ಹೀರುತ್ತದೆ.

ಈ ಪುಟ್ಟಿಗೆ ನೀರು ಹಾಕಿ ಉಜ್ಜಬೇಡಿ. ಧೂಳಾಗದಿರಲಿ ಎಂದು ನಮ್ಮ ಅನೇಕ ಗ್ಯಾರೇಜುಗಳಲ್ಲಿ ವಾಟರ್ ಪೇಪರಿನಲ್ಲೇ ಪುಟ್ಟಿ ಉಜ್ಜುತ್ತಾರೆ. ಪಾಲಿಯೆಸ್ಟರ್ ಪುಟ್ಟಿ ಸೂಕ್ಷ್ಮ ರಂಧ್ರಗಳ ವಸ್ತು, ನೀರು ಹೀರಿಕೊಳ್ಳುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗಿನ ತೇವ ತಗಡಿನವರೆಗೆ ಇಳಿದಿರುತ್ತದೆ. ಏಪ್ರಿಲ್ ಬಿಸಿಲಿಗೆ ಅದು ಆವಿಯಾಗಿ ಪೇಂಟನ್ನು ಗುಳ್ಳೆ ಎಬ್ಬಿಸುತ್ತದೆ. ಧೂಳಿನ ಮಾಸ್ಕ್ ಹಾಕಿ, 80ರಲ್ಲಿ ಒಣಗೇ ಉಜ್ಜಿ, ಆಮೇಲೆ 120, 180, 240.

ಬೆರಳಲ್ಲಿ ಪೇಪರ್ ಹಿಡಿದು ಉಜ್ಜಿದರೆ ಬೆರಳಿನ ಗೆರೆಗಳೇ ಮೂಡುತ್ತವೆ. ಉದ್ದ ಬ್ಲಾಕ್ ಬಳಸಿ, ಓರೆಯಾಗಿ, ಎರಡೂ ದಿಕ್ಕಿಗೆ. ಮುಗಿಯಿತು ಎನಿಸಿದಾಗ ಕಪ್ಪು ಸ್ಪ್ರೇ ಡಬ್ಬಿಯಿಂದ ದೂರದಿಂದ ತೆಳ್ಳಗೆ ಸಿಂಪಡಿಸಿ ಮತ್ತೆ ಬ್ಲಾಕ್ ಆಡಿಸಿ. ಇದಕ್ಕೆ ಗೈಡ್ ಕೋಟ್ ಎನ್ನುತ್ತಾರೆ. ಕಪ್ಪು ಉಳಿದ ಕಡೆ ತಗ್ಗು, ಮೊದಲು ಅಳಿಸಿಹೋದ ಕಡೆ ಉಬ್ಬು. ಬಾನೆಟ್ಟಿನ ಮೇಲೆ ಒಂದೂ ಕಪ್ಪು ಚುಕ್ಕೆ ಉಳಿಯದಿರುವವರೆಗೆ ಮುಂದೆ ಹೋಗಬೇಡಿ.

ಹಂತ 7: ಪ್ರೈಮರ್, ಸರ್ಫೇಸರ್

ಪುಟ್ಟಿ ಮುಗಿದ ಭಾಗಕ್ಕೆ ಮತ್ತೊಂದು ಕೋಟ್ ಎಪಾಕ್ಸಿ ಹೊಡೆದು ಸೀಲ್ ಮಾಡಿ. ಅದರ ಮೇಲೆ ಸರ್ಫೇಸರ್, ಅಂದರೆ ಪೇಪರಿನ ಗೆರೆಗಳನ್ನು ತುಂಬುವ ದಪ್ಪ ಪ್ರೈಮರ್, ಎರಡು ಮೂರು ಕೋಟ್. ಇದನ್ನು ನೀರು ಹಾಕಿ 400ರಲ್ಲಿ, ಕೊನೆಗೆ 600ರಲ್ಲಿ ಉಜ್ಜಬಹುದು. ಕೆಳಗೆ ಎಪಾಕ್ಸಿ ಸೀಲ್ ಇದೆ. ತಗಡೋ ಪುಟ್ಟಿಯೋ ಕಂಡರೆ ಅಲ್ಲಿಗೆ ನೀರು ನಿಲ್ಲಿಸಿ, ಒಣಗಿಸಿ, ಮತ್ತೆ ಪ್ರೈಮರ್.

ಎನ್‌ಸಿ (ನೈಟ್ರೊಸೆಲ್ಯುಲೋಸ್) ಸರ್ಫೇಸರ್ ಒಣಗಿದ ಮೇಲೂ ವಾರಗಟ್ಟಲೆ ಕುಗ್ಗುತ್ತದೆ. ಅವಸರದಲ್ಲಿ ಬಣ್ಣ ಹೊಡೆದರೆ ಉಜ್ಜಿದ ಗೆರೆಗಳೆಲ್ಲ ತಿಂಗಳಲ್ಲಿ ಮೇಲೆ ಕಾಣಿಸುತ್ತವೆ. ಹಾಗೆಂದು ಸರ್ಫೇಸರ್ ಹಾಕಿದ ಕಾರನ್ನು ಮಳೆಗಾಲ ಪೂರ್ತಿ ಹೊರಗೆ ನಿಲ್ಲಿಸಲೂ ಬಾರದು, ಸರ್ಫೇಸರ್ ನೀರು ತಡೆಯುವುದಿಲ್ಲ.

ಹಂತ 8: ಯಾವ ಪೇಂಟ್?

ನಮ್ಮಲ್ಲಿ ಡ್ಯೂಕೋ ಎಂದು ಕರೆಯುವ ಎನ್‌ಸಿ ಪೇಂಟ್ ಬರೀ ಥಿನ್ನರ್ ಆರಿ ಒಣಗುತ್ತದೆ. ಪಿಯು (ಪಾಲಿಯುರೇಥೇನ್) ಪೇಂಟಿಗೆ ಹಾರ್ಡನರ್ ಬೆರೆಸಬೇಕು; ಹೊಳಪು, ಬಾಳಿಕೆ ಎರಡರಲ್ಲೂ ಅದೇ ಮುಂದೆ. ಆದರೂ ಮನೆಯಲ್ಲಿ ಪಿಯು ಹೊಡೆಯಬೇಡಿ ಎಂದೇ ನನ್ನ ಖಚಿತ ಸಲಹೆ. ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇದೆ. ಅದು ಒಮ್ಮೆ ಶ್ವಾಸಕೋಶಕ್ಕೆ ಅಲರ್ಜಿಯಾಗಿ ಹತ್ತಿತೆಂದರೆ ಜೀವನಪೂರ್ತಿ ಉಬ್ಬಸ ಕಾಡಬಹುದು. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್, ಬೂತ್ ಇಲ್ಲದೆ ಅದನ್ನು ಮುಟ್ಟಬಾರದು. ಪಿಯು ಸರ್ಫೇಸರ್‌ಗೂ ಇದೇ ಮಾತು. ಪಿಯು ಬೇಕೆಂದರೆ ಮೊದಲ ಏಳು ಹಂತ ಮನೆಯಲ್ಲಿ ಮಾಡಿ, ಬಣ್ಣಕ್ಕೆ ಮಾತ್ರ ಬೂತ್ ಇರುವ ಕಡೆ ಕೊಡಿ.

ಮನೆಯ ಕೆಲಸಕ್ಕೆ ಡ್ಯೂಕೋ ಒಪ್ಪುತ್ತದೆ. ಧೂಳು ಕೂತರೆ ಉಜ್ಜಿ ತೆಗೆಯಬಹುದು, ಇಳಿದರೆ ತಿದ್ದಬಹುದು, ಹಳೇ ಕಾರಿನ ಮೆತ್ತನೆ ಹೊಳಪೂ ಬರುತ್ತದೆ. ಹಳೇ ಪೇಂಟನ್ನು ಎಲ್ಲಾದರೂ ಉಳಿಸಿದ್ದರೆ ಎನ್‌ಸಿ ಥಿನ್ನರ್‌ನಲ್ಲಿ ನೆನೆಸಿದ ಬಟ್ಟೆ ಐದು ನಿಮಿಷ ಇಟ್ಟು ನೋಡಿ. ಸುಕ್ಕುಗಟ್ಟಿದರೆ ಅದು ಎನಾಮಲ್, ಅದರ ಮೇಲೆ ಡ್ಯೂಕೋ ಹೊಡೆದರೆ ಪೂರ್ತಿ ಎದ್ದುಬರುತ್ತದೆ.

ಮೂಲ ಬಣ್ಣ ಡ್ಯಾಶ್‌ಬೋರ್ಡಿನ ಅಡಿ, ಬಾಗಿಲಿನ ಟ್ರಿಮ್ ಹಿಂದೆ ಬಿಸಿಲು ಕಾಣದ ಕಡೆ ಉಳಿದಿರುತ್ತದೆ. ಆ ಜಾಗವನ್ನು ಪಾಲಿಶ್ ಮಾಡಿ, ಅದಕ್ಕೇ ಹೊಂದಿಸಿ ಬಣ್ಣ ಕಲಸಿಸಿ. ಇಡೀ ಕಾರಿಗೆ ಬೇಕಾದಷ್ಟನ್ನೂ ಒಂದೇ ಸಲ ಕಲಸಿಸಬೇಕು, ಎರಡನೇ ಸಲ ಕಲಸಿದ್ದು ಹೊಂದುವುದು ಅಪರೂಪ.

ಹಂತ 9: ಸ್ಪ್ರೇ

ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ. ಗ್ಯಾಸ್ ಗೀಸರ್, ಒಲೆ, ದೇವರ ದೀಪ, ಊದುಬತ್ತಿ ಹತ್ತಿರದಲ್ಲಿ ಇರಬಾರದು. ಕಂಪ್ರೆಸರನ್ನು ಶೆಡ್ಡಿನ ಹೊರಗಿಟ್ಟು ಟ್ಯಾಂಕಿನ ನೀರು ಬಸಿಯಿರಿ. ಪ್ಯಾನಲನ್ನು ವ್ಯಾಕ್ಸ್ ರಿಮೂವರ್‌ನಿಂದ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಇದ್ದ ಕಡೆ ಬಣ್ಣ ಒಡೆದು ಮೀನಿನ ಕಣ್ಣಿನಂಥ ಕುಳಿ ಬೀಳುತ್ತದೆ. ಡ್ಯಾಶ್‌ಬೋರ್ಡ್ ಹೊಳಪಿಗೆ ಬಳಸುವ ಸಿಲಿಕಾನ್ ಸ್ಪ್ರೇಯನ್ನು ಈ ದಿನಗಳಲ್ಲಿ ಶೆಡ್ಡಿಗೇ ತರಬೇಡಿ.

ಒಂದು ಪಾಲು ಬಣ್ಣಕ್ಕೆ ಒಂದರಿಂದ ಒಂದೂವರೆ ಪಾಲು ಥಿನ್ನರ್ ಬೆರೆಸಿ, ಸೋಸಿ. ಒತ್ತಡ 30–40 ಪಿಎಸ್‌ಐ. ಗನ್ ತಗಡಿನಿಂದ ಒಂದು ಗೇಣಿಗಿಂತ ತುಸು ಹತ್ತಿರ, 15–20 ಸೆಂ.ಮೀ. ಕೈಯನ್ನು ಕಮಾನಿನ ಹಾಗೆ ಬೀಸದೆ ಪ್ಯಾನಲಿಗೆ ಸಮನಾಗಿ ಸರಿಸಿ. ಟ್ರಿಗರ್ ಅಂಚಿನ ಹೊರಗೆ ಒತ್ತಿ, ಹೊರಗೇ ಬಿಡಿ. ಪ್ರತಿ ಸಾಲೂ ಹಿಂದಿನದರ ಅರ್ಧವನ್ನು ಮುಚ್ಚಲಿ. ಮೊದಲು ಬಾಗಿಲಿನ ಅಂಚು, ಒಳಮೂಲೆ; ನಂತರ ರೂಫ್, ಬಾನೆಟ್, ಪಕ್ಕಗಳು. ಕೋಟ್‌ಗಳ ನಡುವೆ 10–15 ನಿಮಿಷ ಬಿಡಿ. ಮೊದಲ ಕೋಟ್ ತೆಳುವಾಗಿ, ಉಳಿದವು ಒದ್ದೆಯಾಗಿ, ಒಟ್ಟು ಐದಾರು ಕೋಟ್. ನೇರ ಬಿಸಿಲು ಬೀಳುವ ತಗಡಿಗೆ ಹೊಡೆದರೆ ಬಣ್ಣ ಕೂರುವ ಮುಂಚೆಯೇ ಒಣಗಿ ಒರಟಾಗುತ್ತದೆ.

ಹೊಡೆದ ಬಣ್ಣ ಹಾಲಿನಂತೆ ಬಿಳಿಚಿಕೊಂಡರೆ ಗಾಬರಿ ಬೇಡ. ಥಿನ್ನರ್ ಆರುವಾಗ ತಗಡು ತಣ್ಣಗಾಗಿ ಗಾಳಿಯ ತೇವ ಮೇಲೆ ಕೂತಿದೆ. ನಿಲ್ಲಿಸಿ, ಹವೆ ಒಣಗಿದ ಮೇಲೆ, ನಿಧಾನ ಆರುವ ರಿಟಾರ್ಡರ್ ಥಿನ್ನರ್ ಬೆರೆಸಿ ಒಂದು ಕೋಟ್ ಕೊಟ್ಟರೆ ಬಹುತೇಕ ಸರಿಹೋಗುತ್ತದೆ.

ಹಂತ 10: ಉಜ್ಜುವುದು, ಜೋಡಿಸುವುದು

ಎರಡು ಮೂರು ವಾರ ಆರಲು ಬಿಡಿ. ನಂತರ ಸೋಪು ನೀರಿನಲ್ಲಿ ನೆನೆಸಿದ 1200, 1500, 2000ರ ಪೇಪರನ್ನು ಬ್ಲಾಕಿಗೆ ಸುತ್ತಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್, ಆಮೇಲೆ ಪಾಲಿಶ್. ಅಂಚು, ಏಣುಗಳ ಮೇಲೆ ಟೇಪ್ ಹಚ್ಚಿಕೊಳ್ಳಿ. ಅಲ್ಲಿ ಬಣ್ಣ ತೆಳು, ಎರಡು ಸಲ ಉಜ್ಜಿದರೆ ಪ್ರೈಮರ್ ಕಾಣುತ್ತದೆ. ವ್ಯಾಕ್ಸನ್ನು ಎರಡು ಮೂರು ತಿಂಗಳು ಹಚ್ಚಬೇಡಿ, ಪ್ಲಾಸ್ಟಿಕ್ ಕವರ್ ಹೊದಿಸಲೇಬೇಡಿ.

ಹೊಸ ರಬ್ಬರ್ ಹಾಕಿ. ಬಾಗಿಲು, ರನ್ನಿಂಗ್ ಬೋರ್ಡ್ ಒಳಗೆ ಕ್ಯಾವಿಟಿ ವ್ಯಾಕ್ಸ್ (ಒಳಗಿನ ಟೊಳ್ಳಿಗೆ ತುಕ್ಕು ಹಿಡಿಯದಂತೆ ಹಾಕುವ ಮೇಣ) ಸಿಂಪಡಿಸಿ, ಬಸಿಯುವ ತೂತು ತೆರೆದಿರುವಂತೆ ನೋಡಿಕೊಳ್ಳಿ. ಹಳೇ ಇಂಜಿನ್ ಆಯಿಲ್ ಸುರಿಯುವ ಪದ್ಧತಿ ಬಿಡಿ, ರಬ್ಬರ್ ಊದಿಕೊಳ್ಳುತ್ತದೆ. ಕ್ರೋಮ್ ಹಾಳಾಗಿದ್ದರೆ ಪ್ಲೇಟಿಂಗ್ ಮಾಡುವವರಿಗೆ ಕೊಡಿ, ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಪೆಟ್ರೋಲ್ ಹಾಕಿಸುವಾಗ ಮುಚ್ಚಳದ ಸುತ್ತ ಬಟ್ಟೆ ಹಿಡಿಯಿರಿ, ಡ್ಯೂಕೋ ಮೇಲೆ ಪೆಟ್ರೋಲ್ ಚೆಲ್ಲಿದರೆ ಕಲೆ ಬೀಳುತ್ತದೆ. ಉಳಿದ ಬಣ್ಣವನ್ನು ಚಿಕ್ಕ ಗಾಜಿನ ಸೀಸೆಗೆ ತುಂಬ ಹಾಕಿ, ಮಿಶ್ರಣದ ನಂಬರ್, ತಾರೀಖು ಬರೆದು ತಂಪಾದ ಕಡೆ ಇಡಿ. ಕಲ್ಲು ಸಿಡಿದು ಬಣ್ಣ ಹಾರಿದರೆ ಅದೇ ವಾರ ಚುಕ್ಕೆಗೆ ಎಪಾಕ್ಸಿ ಮುಟ್ಟಿಸಿ, ಒಣಗಿದ ಮೇಲೆ ತೆಳು ಬ್ರಷ್‌ನಲ್ಲಿ ಈ ಬಣ್ಣವನ್ನು ಸ್ವಲ್ಪ ಸ್ವಲ್ಪವೇ ತುಂಬಿ, 2000ರಲ್ಲಿ ಸಮ ಮಾಡಿ. ಹೊಸ ಡ್ಯೂಕೋ ಹಳೆಯದರೊಳಗೆ ಕರಗಿ ಬೆಸೆಯುವುದರಿಂದ ತೇಪೆಯ ಅಂಚು ಕಾಣುವುದಿಲ್ಲ.